ಕೇಳದೆ ಉಳಿದ ಹದಿನೇಳು ಅಂಕಿಗಳು

ಎಂಜಿನಿಯರುಗಳಿಗೆ ಆಟವಾಡಿಸಿ ನೀತಿ ಕಲಿಸುವ ಪದ್ಧತಿಯ ಬೇರುಗಳಲ್ಲೊಂದು ಅಮೆರಿಕದ ರಕ್ಷಣಾ ಗುತ್ತಿಗೆಯ ಕಂಪನಿಗಳಲ್ಲಿದೆ. ಹಗರಣಗಳಿಂದ ಹೆಸರು ಕೆಡಿಸಿಕೊಂಡಿದ್ದ ಇವು 1986ರಲ್ಲಿ ಒಟ್ಟುಗೂಡಿ, ನೌಕರರಿಗೆ ನೀತಿಯ ತರಬೇತಿ ಕೊಡಲು ಒಪ್ಪಿದವು. ಮಾರ್ಟಿನ್ ಮರಿಯೆಟ್ಟಾ ಕಂಪನಿಯ ಜಾರ್ಜ್ ಸ್ಯಾಮೆಟ್ ರೂಪಿಸಿದ ‘ಗ್ರೇ ಮ್ಯಾಟರ್ಸ್’ ಬಂದದ್ದು ಈ ಹಿನ್ನೆಲೆಯಲ್ಲಿ. ಒಂದು ಪೇಚಿನ ಸನ್ನಿವೇಶ, ಆರಿಸಲು ಕೆಲವು ಉತ್ತರ, ಒಂದೊಂದಕ್ಕೂ ಇಷ್ಟು ಅಂಕ. ಕಂಪನಿ ಲಾಕ್‌ಹೀಡ್ ಜೊತೆ ಸೇರಿದ ಮೇಲೆ, 1997ರಲ್ಲಿ, ಇದೇ ಜಾಡಿನ ಆಟಕ್ಕೆ ಡಿಲ್ಬರ್ಟ್ ಕಾರ್ಟೂನನ್ನು ತಂದರು. ಮೇಲಧಿಕಾರಿಗಳನ್ನು ಗೇಲಿ ಮಾಡುವ ಕಾರ್ಟೂನು ಮೇಲಧಿಕಾರಿಗಳ ಪಾಠಕ್ಕೇ ಒದಗಿತು! ಇಂಥ ಆಟ ಚರ್ಚೆ ಹುಟ್ಟಿಸುತ್ತದೆ, ನಿಜ. ಆದರೆ ಇದು ನೀತಿಯ ಪ್ರಶ್ನೆ ಎಂದು ಆಡುವವರಿಗೆ ಮೊದಲೇ ಗೊತ್ತಿರುತ್ತದೆ. ಕೆಲಸದ ಮೇಜಿಗೆ ಬರುವ ಪ್ರಶ್ನೆ ಹಾಗೆ ಹೇಳಿಕೊಂಡು ಬರುವುದಿಲ್ಲ.

ಈ ಕೊರತೆ ಕಾಣದ ಆಟವೆಂದರೆ ಜ್ಯಾಕ್ ಬ್ರಿಟನ್ ಮತ್ತು ಸಿಮ್ ಸಿಟ್ಕಿನ್ 1980ರ ದಶಕದಲ್ಲಿ ಬರೆದ ‘ಕಾರ್ಟರ್ ರೇಸಿಂಗ್’. ಕಾರು ರೇಸಿನ ತಂಡವೊಂದಕ್ಕೆ 24 ಓಟಗಳಲ್ಲಿ 7 ಸಲ ಗ್ಯಾಸ್ಕೆಟ್ ಕೈಕೊಟ್ಟಿದೆ. ಇಂದು ಚಳಿ ವಿಪರೀತ; ಓಡಿ ಗೆದ್ದರೆ ದೊಡ್ಡ ಪ್ರಾಯೋಜಕರು ಸಿಗುತ್ತಾರೆ. ವಿದ್ಯಾರ್ಥಿಗಳಿಗೆ ಕೊಡುವುದು ಕೆಟ್ಟ ಏಳು ಓಟಗಳ ತಾಪಮಾನದ ನಕ್ಷೆ ಮಾತ್ರ. ಉಳಿದ 17ರ ವಿವರ ಕೇಳಿದವರಿಗಷ್ಟೇ. ತೀರ್ಮಾನವಾದ ಮೇಲೆ ಗುಟ್ಟು ಬಿಡಿಸುತ್ತಾರೆ: ಕಥೆಯ ಮೂಲ ಚಾಲೆಂಜರ್ ಬಾಹ್ಯಾಕಾಶ ನೌಕೆಯ ದುರಂತ, ಗ್ಯಾಸ್ಕೆಟ್ಟಿನ ಜಾಗದಲ್ಲಿದ್ದದ್ದು ರಾಕೆಟ್ಟಿನ ರಬ್ಬರ್ ಉಂಗುರ. ಹಿಂದಿನ ಹಾರಾಟಗಳನ್ನೆಲ್ಲ ಸೇರಿಸಿ ನೋಡಿದರೆ, 63 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕೂ ತಣ್ಣಗಿದ್ದ ನಾಲ್ಕರಲ್ಲೂ ಉಂಗುರಕ್ಕೆ ಹಾನಿ. 66 ಅಥವಾ ಅದಕ್ಕೂ ಬೆಚ್ಚಗಿದ್ದ 20ರಲ್ಲಿ ಮೂರಕ್ಕೆ ಮಾತ್ರ. 1986ರ ಜನವರಿ 28ರಂದು ಹವೆ 36 ಡಿಗ್ರಿಯಲ್ಲಿತ್ತು. ಏಳು ಮಂದಿ ಸತ್ತರು.

ಕೇಳದೆ ಉಳಿದ ಅಂಕಿಗಳೇ ತಪ್ಪಿನ ಮೂಲವೆಂಬ ಈ ಪಾಠಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಹಿಂದಿನ ರಾತ್ರಿಯ ಸಭೆಯಲ್ಲಿ, ಆ ರಾಕೆಟ್ ತಯಾರಿಸಿದ್ದ ಥಯಾಕಾಲ್ ಕಂಪನಿಯ ರೋಜರ್ ಬೋಯ್ಸ್‌ಜಾಲಿ ಮತ್ತಿತರ ಎಂಜಿನಿಯರುಗಳು ಉಡಾವಣೆ ಬೇಡವೆಂದೇ ವಾದಿಸಿದ್ದರು. ಅದನ್ನು ತಳ್ಳಿಹಾಕಿದ್ದು ಆಡಳಿತ. ಹಾಗಿರುವಾಗ ತಪ್ಪನ್ನು ಅಂಕಿಗಳ ತಲೆಗೆ ಕಟ್ಟುವುದು ಅಧಿಕಾರಸ್ಥರನ್ನು ಪಾರುಮಾಡಿದಂತಲ್ಲವೇ? ಅರ್ಧ ಒಪ್ಪಬೇಕಾದ ಮಾತು. ಆಟದಲ್ಲಿ ಯಾರ ನೌಕರಿಯೂ ಹೋಗುವುದಿಲ್ಲ, ಆ ಭಯವನ್ನು ಅದು ಕಲಿಸಲಾರದು. ಆದರೆ ಆ ಸಭೆಯಲ್ಲೂ ಚರ್ಚೆಯಾದದ್ದು ಹಾನಿ ಕಂಡ ಹಾರಾಟಗಳದೇ. ಬೇಡವೆಂದವರ ಕೈಯಲ್ಲಿ ಪೂರ್ತಿ ಪಟ್ಟಿ ಇದ್ದಿದ್ದರೆ, ಸಾಬೀತುಮಾಡಿ ಎಂಬ ಸವಾಲಿನ ಎದುರು ಅವರು ಅಷ್ಟು ಬರಿಗೈಯಾಗುತ್ತಿರಲಿಲ್ಲ.

ನಮ್ಮಲ್ಲೂ ನೀತಿಪಾಠ ಈಗ ಕಡ್ಡಾಯ: ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಮಾನ್ಯಮಾಡುವ ವಾಷಿಂಗ್ಟನ್ ಒಪ್ಪಂದಕ್ಕೆ ಭಾರತ 2014ರಲ್ಲಿ ಪೂರ್ಣ ಸದಸ್ಯನಾಯಿತು. ಮಾನ್ಯತೆ ಬೇಕಾದ ಎಂಜಿನಿಯರಿಂಗ್ ಕಾಲೇಜುಗಳು, ನಮ್ಮ ರಾಜ್ಯದವೂ ಸೇರಿ, ವಿದ್ಯಾರ್ಥಿಗಳ ನೀತಿಪ್ರಜ್ಞೆಯ ಲೆಕ್ಕವನ್ನೂ ಅಂಕಿಯಲ್ಲೇ ಒಪ್ಪಿಸಬೇಕು. ಆ ಕಡತಕ್ಕೆ ಹೊಂದುವುದು ಉತ್ತರಕ್ಕೆ ಅಂಕ ಕೊಡುವ ಸ್ಯಾಮೆಟ್ಟರ ಆಟವೇ.