ಕೆಂಪಯ್ಯ ಮತ್ತು ಬೆಂಗಳೂರಿನ ಹಾಫ್‌ಬ್ಯಾಕ್ ಆಟಗಾರರು

ಬೆಂಗಳೂರಿನ ಫುಟ್‌ಬಾಲ್ ಚರಿತ್ರೆ ಬಹುಮಟ್ಟಿಗೆ ಗೋಲು ಹೊಡೆದವರ ಚರಿತ್ರೆಯಾಗಿ ಉಳಿದಿದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಗಳಿಸಿದ ಸಾರಂಗಪಾಣಿ ರಾಮನ್, ಈಸ್ಟ್ ಬೆಂಗಾಲ್ ಕ್ಲಬ್ಬಿನ ‘ಪಂಚಪಾಂಡವ’ರೆನಿಸಿದ ಐವರು ಫಾರ್ವರ್ಡ್‌ಗಳಲ್ಲಿ ಒಬ್ಬರಾದ ಅಹ್ಮದ್ ಖಾನ್ ಇವರ ಹೆಸರು ಈಗಲೂ ಕೇಳಿಬರುತ್ತದೆ. ಅಂಥವರ ಬೆನ್ನಹಿಂದೆ ಆಡಿದ ಟಿ. ಷಣ್ಮುಗಂ, ಕೆಂಪಯ್ಯ ಅವರಂಥ ಹಾಫ್‌ಬ್ಯಾಕ್‌ಗಳಿಗೆ ಸಲ್ಲಬೇಕಾದ ಗಮನ ಸಂದಿಲ್ಲ.

ಆ ಕಾಲದ ತಂಡಗಳಲ್ಲಿ ಇಬ್ಬರು ಬ್ಯಾಕ್‌ಗಳು, ಮೂವರು ಹಾಫ್‌ಬ್ಯಾಕ್‌ಗಳು, ಐವರು ಫಾರ್ವರ್ಡ್‌ಗಳು ಇರುತ್ತಿದ್ದರು. ಮಧ್ಯದ ಹಾಫ್‌ಬ್ಯಾಕ್ ಹಿಂದೆ ಸರಿದು ಮೂರನೆಯ ಬ್ಯಾಕ್ ಆದಮೇಲೆ ಉಳಿದಿಬ್ಬರ ಹೊರೆ ಹೆಚ್ಚಿತು. ಎದುರಾಳಿಯ ಇನ್‌ಸೈಡ್ ಫಾರ್ವರ್ಡ್‌ನನ್ನು ತಡೆಯುವುದು, ಚೆಂಡು ಕಸಿದು ಒಡನೆ ತಮ್ಮವರಿಗೆ ದಾಟಿಸುವುದು, ಮತ್ತೆ ಹಿಂದಕ್ಕೆ ಓಡುವುದು: ಇಡೀ ಪಂದ್ಯ ಇದೇ ಕೆಲಸ. ಗೋಲಿನ ಪಟ್ಟಿಯಲ್ಲಿ ಇದು ದಾಖಲಾಗದು.

ಷಣ್ಮುಗಂ 1951ರ ದೆಹಲಿ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಇರಾನನ್ನು 1–0ರಿಂದ ಸೋಲಿಸಿ ಚಿನ್ನ ಗೆದ್ದ ತಂಡದಲ್ಲಿದ್ದರು. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ಗೂ ಹೋದರು. ಅಲ್ಲಿ ಬಹುತೇಕ ಬರಿಗಾಲಿನಲ್ಲಿ ಆಡಿದ ಭಾರತ, ಯುಗೊಸ್ಲಾವಿಯಕ್ಕೆ 1–10ರಿಂದ ಸೋತಿತು. ಆ ಪೆಟ್ಟಿನ ಬಳಿಕ ಬೂಟು ಕಡ್ಡಾಯವಾಯಿತು.

ಬೂಟಿನ ಯುಗದ ಹಾಫ್‌ಬ್ಯಾಕ್ ಕೆಂಪಯ್ಯ. ಹೈದರಾಬಾದಿನ ಎಸ್.ಎ. ರಹೀಮ್ ತರಬೇತಿಯಲ್ಲಿ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ಗೆ ಹೋದ ತಂಡದಲ್ಲಿ ಅವರಿದ್ದರು. ಆಸ್ಟ್ರೇಲಿಯವನ್ನು 4–2ರಿಂದ ಮಣಿಸಿ ಭಾರತ ಸೆಮಿಫೈನಲ್ ತಲಪಿತು. ಅಲ್ಲಿ ನೆವಿಲ್ ಡಿಸೋಜ ಮೊದಲ ಗೋಲು ಹೊಡೆದರೂ ಯುಗೊಸ್ಲಾವಿಯ 4–1ರಿಂದ ಗೆದ್ದಿತು. ನಾಲ್ಕನೆಯ ಸ್ಥಾನದ ಈ ಸಾಧನೆಯನ್ನು ಭಾರತ ಒಲಿಂಪಿಕ್ಸ್‌ನಲ್ಲಿ ಇಂದಿಗೂ ಮೀರಿಲ್ಲ.

1960ರಲ್ಲಿ ಕೆಂಪಯ್ಯ ಅವರ ಆಟ ಇಟಲಿಗೆ ಸಾಗಿತು. ರೋಮ್ ಒಲಿಂಪಿಕ್ಸ್‌ನ ತಂಡದಲ್ಲಿ ರಾಮ್ ಬಹಾದೂರ್ ಇನ್ನೊಬ್ಬ ಹಾಫ್‌ಬ್ಯಾಕ್. ಹಂಗೇರಿಯೆದುರು 1–2ರ ಸೋಲು, ಫ್ರಾನ್ಸ್ ಜೊತೆ 1–1ರ ಸಮಬಲ, ಪೆರು ಎದುರು 1–3ರ ಸೋಲು. ಸ್ಥಾನದ ದೃಷ್ಟಿಯಿಂದ ಇದು ಮೆಲ್ಬರ್ನ್‌ಗಿಂತ ಕೆಳಗಿನದು. ಆದರೆ ಎದುರಾಳಿಗಳ ಬಲ ನೋಡಿದರೆ ರಕ್ಷಣಾ ಸಾಲಿನ ಆಟ ಇಲ್ಲೇ ಹೆಚ್ಚು ಗಟ್ಟಿ. ಕಂಚು ಗೆದ್ದ ಹಂಗೇರಿಯನ್ನು ಒಂದೇ ಗೋಲಿನ ಅಂತರಕ್ಕೆ ಕಟ್ಟಿಹಾಕಿದ್ದು ಸಣ್ಣ ಮಾತಲ್ಲ.

ಅವರು ಆಡಲು ಹೋದ ಅದೇ ಇಟಲಿಯಲ್ಲಿ 1926ರಿಂದಲೇ ಕ್ಲಬ್ಬುಗಳು ಆಟಗಾರರಿಗೆ ಅಧಿಕೃತವಾಗಿ ಸಂಭಾವನೆ ಕೊಡಬಹುದಿತ್ತು. ಆದರೆ ಭಾರತದ ಆಟಗಾರರು ಆಗ ನಿಯಮದ ಪ್ರಕಾರ ಹವ್ಯಾಸಿಗಳಾಗಿದ್ದರು. ಜೀವನಾಧಾರಕ್ಕೆ ಬೇರೆ ನೌಕರಿಯನ್ನೇ ನೆಚ್ಚಬೇಕಿತ್ತು. ಕ್ಲಬ್ ಆಟದಲ್ಲಿ ಹೆಸರು ಬೇಕೆಂದರೆ ಕಲ್ಕತ್ತೆಗೆ ಹೋಗಬೇಕಿತ್ತು. ಕೆಂಪಯ್ಯ ಅಲ್ಲಿನ ಮೋಹನ್ ಬಾಗಾನ್ ಕ್ಲಬ್ ಸೇರಿದ್ದು ಈ ದಾರಿಯಲ್ಲೇ.