ಅರೆ-ಸ್ವಯಂಚಾಲಿತ ಷಾಟ್‌ಗನ್

ಅರೆ-ಸ್ವಯಂಚಾಲಿತ ಷಾಟ್‌ಗನ್ ಎಂದರೆ ಟ್ರಿಗರ್ ಒತ್ತಿದ ಪ್ರತಿ ಬಾರಿಯೂ ಒಂದೇ ತೋಟಾ ಹಾರಿಸಿ, ಖಾಲಿ ತೋಟಾವನ್ನು ತಾನೇ ಹೊರಹಾಕಿ, ಮುಂದಿನದನ್ನು ತಾನೇ ತುಂಬಿಕೊಳ್ಳುವ ಚರೆ ಬಂದೂಕು. ಮಲೆನಾಡಿನಲ್ಲಿ ಚರೆ ತುಂಬಿದ ತೋಟಾ ಬಳಸುವ ಬಂದೂಕುಗಳನ್ನು ಸಾಮಾನ್ಯವಾಗಿ ತೋಟಾ ಕೋವಿ ಎಂದು ಕರೆಯುತ್ತಾರೆ. ಹಲವು ದೇಶಗಳಲ್ಲಿ ಈ ಮಾದರಿಯ ಹಳೆಯ ಬಂದೂಕುಗಳು ಮಣ್ಣಿನ ಬಿಲ್ಲೆಯ ಗುರಿ ಕ್ರೀಡೆಗೂ ಬೇಟೆಗೂ ಮರುಮಾರಾಟವಾಗುತ್ತವೆ. ಭಾರತದಲ್ಲಿ ಇವು ನಿರ್ಬಂಧಿತ ವರ್ಗಕ್ಕೆ ಸೇರಿವೆ. ಆದ್ದರಿಂದ ಕರ್ನಾಟಕದಲ್ಲಿ ಬಳಸಿದ ಕೋವಿಯ ವ್ಯವಹಾರ ಹೆಚ್ಚಾಗಿ ಒಂಟಿ ನಳಿಗೆ ಮತ್ತು ಜೋಡುನಳಿಗೆ ಬಂದೂಕುಗಳಿಗೆ ಸೀಮಿತವಾಗಿದೆ.

ಇತಿಹಾಸ

ಅಮೆರಿಕದ ವಿನ್ಯಾಸಕಾರ ಜಾನ್ ಬ್ರೌನಿಂಗ್ 1898ರಲ್ಲಿ ರೂಪಿಸಿ, 1900ರಲ್ಲಿ ಹಕ್ಕುಸ್ವಾಮ್ಯ ಪಡೆದ ಆಟೋ-5 ಈ ವರ್ಗದ ಮೊದಲ ಯಶಸ್ವಿ ಬಂದೂಕು. ಬೆಲ್ಜಿಯಂನ ಎಫ್‌ಎನ್ ಸಂಸ್ಥೆ 1902ರಲ್ಲಿ ಇದರ ತಯಾರಿಕೆಯನ್ನು ಆರಂಭಿಸಿತು. ಮ್ಯಾಗಜಿನ್‌ನಲ್ಲಿ ನಾಲ್ಕು ಮತ್ತು ಛೇಂಬರ್‌ನಲ್ಲಿ ಒಂದು, ಒಟ್ಟು ಐದು ತೋಟಾಗಳು ಹಿಡಿಯುತ್ತಿದ್ದುದರಿಂದ ಅದಕ್ಕೆ ಈ ಹೆಸರು ಬಂದಿತು. 1963ರಲ್ಲಿ ಮಾರುಕಟ್ಟೆಗೆ ಬಂದ ರೆಮಿಂಗ್ಟನ್ 1100 ಅನಿಲ ಚಾಲಿತ ವಿಧಾನವನ್ನು ಜನಪ್ರಿಯಗೊಳಿಸಿತು.

ಕಾರ್ಯವಿಧಾನ

ಈ ಬಂದೂಕುಗಳಲ್ಲಿ ಮೂರು ವಿಧಾನಗಳು ಪ್ರಮುಖವಾಗಿವೆ.

* ದೀರ್ಘ ಹಿಮ್ಮೆಟ್ಟು: ಗುಂಡು ಹಾರಿದಾಗ ನಳಿಗೆ ಮತ್ತು ಬೋಲ್ಟ್ ಒಟ್ಟಾಗಿ ಹಿಂದಕ್ಕೆ ಸರಿಯುತ್ತವೆ, ಮೊದಲು ನಳಿಗೆ, ನಂತರ ಬೋಲ್ಟ್ ಮುಂದಕ್ಕೆ ಮರಳುತ್ತದೆ. ಆಟೋ-5 ಈ ವಿಧಾನದ್ದು.
* ಅನಿಲ ಚಾಲಿತ: ನಳಿಗೆಯ ಸಣ್ಣ ರಂಧ್ರಗಳಿಂದ ಬರುವ ಅನಿಲ ಪಿಸ್ಟನ್ ಅನ್ನು ತಳ್ಳುತ್ತದೆ. ಭುಜಕ್ಕೆ ಬೀಳುವ ಒದೆತ ಕಡಿಮೆ, ಆದರೆ ಮಸಿ ಹೆಚ್ಚು ಕಟ್ಟುತ್ತದೆ.
* ಜಡತ್ವ ಚಾಲಿತ: ಬೋಲ್ಟ್‌ನೊಳಗಿನ ಸ್ಪ್ರಿಂಗ್ ಒದೆತದಿಂದ ಕುಗ್ಗಿ, ಬಳಿಕ ಬೋಲ್ಟ್ ಅನ್ನು ಹಿಂದಕ್ಕೆ ತಳ್ಳುತ್ತದೆ. ಇಟಲಿಯ ಬೆನೆಲ್ಲಿ ಬಂದೂಕುಗಳು ಈ ವಿಧಾನಕ್ಕೆ ಹೆಸರಾಗಿವೆ.

ಹಳೆಯ ಬಂದೂಕಿನ ಪರೀಕ್ಷೆ

ಬಂದೂಕು ಖಾಲಿ ಇದೆಯೆಂದು ಖಚಿತಪಡಿಸಿಕೊಂಡ ಬಳಿಕವೇ ಪರೀಕ್ಷೆ ಆರಂಭಿಸಲಾಗುತ್ತದೆ. ನಳಿಗೆಯನ್ನು ಬೆಳಕಿಗೆ ಹಿಡಿದಾಗ ಒಳಗೆ ಕಾಣುವ ಕಪ್ಪು ಉಂಗುರ ಉಬ್ಬು ಅಥವಾ ತಗ್ಗಿನ ಸೂಚನೆಯಾಗಿರಬಹುದು. ಛೇಂಬರ್‌ನ ಉದ್ದವನ್ನು ಅಳೆಯುವುದು ಇನ್ನೂ ಮುಖ್ಯ. ಹಳೆಯ 16 ಬೋರ್ ಆಟೋ-5ಗಳಲ್ಲಿ ಹಲವು 65 ಮಿ.ಮೀ. ಛೇಂಬರ್ ಹೊಂದಿವೆ, ಅವುಗಳಲ್ಲಿ ಇಂದಿನ 70 ಮಿ.ಮೀ. ತೋಟಾ ಬಳಸುವುದು ಸುರಕ್ಷಿತವಲ್ಲ. ಹಳೆಯ ಬಿಗಿ ಚೋಕ್‌ನ ನಳಿಗೆಗಳಿಗೆ ಉಕ್ಕಿನ ಚರೆಯೂ ಹೊಂದುವುದಿಲ್ಲ.

ಆಟೋ-5ರಲ್ಲಿ ಲಘು ಮತ್ತು ಭಾರಿ ತೋಟಾಗಳಿಗೆ ತಕ್ಕಂತೆ ಘರ್ಷಣ ಉಂಗುರದ ಸ್ಥಾನವನ್ನು ಬದಲಿಸಬೇಕು. ಇದನ್ನು ಕಡೆಗಣಿಸಿದ ಬಂದೂಕುಗಳಲ್ಲಿ ಮುಂಭಾಗದ ಮರ ಬಿರುಕು ಬಿಟ್ಟಿರುತ್ತದೆ. ರೆಮಿಂಗ್ಟನ್ 1100ರಲ್ಲಿ ಸವೆಯುವ ರಬ್ಬರ್ ಉಂಗುರವನ್ನು ಸುಲಭವಾಗಿ ಬದಲಾಯಿಸಬಹುದು. ಯಾವ ಮಾದರಿಯಲ್ಲೇ ಆಗಲಿ, ಮೇಲ್ಮೈಯ ಹೊಳಪಿಗಿಂತ ಬಿಡಿಭಾಗಗಳ ಲಭ್ಯತೆ ಹೆಚ್ಚು ಮುಖ್ಯವಾಗುತ್ತದೆ.

ಕ್ರೀಡೆಯಲ್ಲಿ ಬಳಕೆ

ಟ್ರ್ಯಾಪ್ ಮತ್ತು ಸ್ಕೀಟ್ ಸ್ಪರ್ಧೆಗಳಲ್ಲಿ ಸುಮಾರು 110 ಮಿ.ಮೀ. ವ್ಯಾಸದ ಬಿಲ್ಲೆಗಳನ್ನು ಗಾಳಿಯಲ್ಲಿ ಒಡೆಯಬೇಕು. ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ 12 ಬೋರ್ ಮೀರದ ಅರೆ-ಸ್ವಯಂಚಾಲಿತ ಬಂದೂಕುಗಳಿಗೆ ಅವಕಾಶವಿದೆ, ಪಂಪ್ ಆಕ್ಷನ್ ಬಂದೂಕುಗಳಿಗೆ ಇಲ್ಲ. ತೋಟಾದಲ್ಲಿನ ಚರೆಯ ತೂಕ 24 ಗ್ರಾಂ ಮೀರುವಂತಿಲ್ಲ. ಆದರೂ ಹೆಚ್ಚಿನ ಸ್ಪರ್ಧಿಗಳು ಮೇಲೆ-ಕೆಳಗೆ ನಳಿಗೆಗಳಿರುವ ಬಂದೂಕನ್ನೇ ಆಯ್ದುಕೊಳ್ಳುತ್ತಾರೆ.

ಭಾರತದಲ್ಲಿ ಕಾನೂನು

ಶಸ್ತ್ರಾಸ್ತ್ರ ಕಾಯಿದೆ, 1959ರ ಅನ್ವಯ ಬಂದೂಕು ಹೊಂದಲು ಪರವಾನಗಿ ಕಡ್ಡಾಯ. ದೊಡ್ಡನೆಕ್ಕುಂದಿ, ವೈಟ್‌ಫೀಲ್ಡ್ ಮೊದಲಾದ ಬೆಂಗಳೂರು ನಗರ ಪೊಲೀಸ್ ವ್ಯಾಪ್ತಿಯ ಪ್ರದೇಶಗಳಲ್ಲಿ ಸಾಮಾನ್ಯ ಬಂದೂಕುಗಳ ಪರವಾನಗಿಯನ್ನು ಪೊಲೀಸ್ ಆಯುಕ್ತರು ನೀಡುತ್ತಾರೆ. ಗ್ರಾಮೀಣ ಜಿಲ್ಲೆಗಳಲ್ಲಿ ಈ ಅಧಿಕಾರ ಜಿಲ್ಲಾಧಿಕಾರಿಗಳದ್ದು. ನಿರ್ಬಂಧಿತ ವರ್ಗದ ಪರವಾನಗಿ ಕೇಂದ್ರ ಗೃಹ ಸಚಿವಾಲಯದ ಅಧೀನದಲ್ಲಿದೆ.

2019ರ ತಿದ್ದುಪಡಿಯ ನಂತರ ಒಬ್ಬ ವ್ಯಕ್ತಿ ಸಾಮಾನ್ಯವಾಗಿ ಎರಡಕ್ಕಿಂತ ಹೆಚ್ಚು ಬಂದೂಕು ಹೊಂದುವಂತಿಲ್ಲ. ಪರವಾನಗಿದಾರನು ತನ್ನ ಬಂದೂಕನ್ನು ಅರ್ಹ ವ್ಯಕ್ತಿಗೆ ಮಾರಬಹುದು. ಆದರೆ ಜಿಲ್ಲಾ ದಂಡಾಧಿಕಾರಿ ಅಥವಾ ಸಮೀಪದ ಪೊಲೀಸ್ ಠಾಣೆಗೆ ಲಿಖಿತವಾಗಿ ತಿಳಿಸಿ 45 ದಿನ ಕಾಯಬೇಕು. ತಯಾರಕರ ಹೆಸರು ಮತ್ತು ಸಂಖ್ಯೆ ಅಳಿಸಿದ ಬಂದೂಕನ್ನು ಮಾರುವುದೂ ಇಟ್ಟುಕೊಳ್ಳುವುದೂ ಅಪರಾಧ. ಹೀಗಾಗಿ ಹಳೆಯ ಬಂದೂಕಿನ ಮೇಲಿನ ಸಂಖ್ಯೆ ಪರವಾನಗಿ ಪುಸ್ತಕದೊಂದಿಗೆ ತಾಳೆಯಾಗುತ್ತದೆಯೇ ಎಂಬುದು ಯಾಂತ್ರಿಕ ಸ್ಥಿತಿಯಷ್ಟೇ ಮಹತ್ವದ್ದು. ಪರವಾನಗಿದಾರನು ಮೃತಪಟ್ಟಾಗ, ಅಥವಾ ಅವನಿಗೆ 70 ವರ್ಷ ತುಂಬಿದಾಗ, ಇಲ್ಲವೇ ಬಂದೂಕು 25 ವರ್ಷ ಅವನ ಬಳಿ ಇದ್ದಾಗ ವಾರಸುದಾರರು ತಮ್ಮ ಹೆಸರಿನಲ್ಲಿ ಪರವಾನಗಿ ಕೋರಬಹುದು.

ಪರವಾನಗಿ ಬೇಟೆಗೆ ಅನುಮತಿಯಲ್ಲ. ವನ್ಯಜೀವಿ (ಸಂರಕ್ಷಣಾ) ಕಾಯಿದೆ, 1972 ಸಂರಕ್ಷಿತ ಪ್ರಾಣಿಗಳ ಬೇಟೆಯನ್ನು ನಿಷೇಧಿಸಿದೆ. ಜೀವಕ್ಕೆ ಅಥವಾ ಬೆಳೆಗೆ ಅಪಾಯ ಒಡ್ಡುವ ಪ್ರಾಣಿಯ ವಿಷಯದಲ್ಲೂ ಕಾಯಿದೆ ಸೂಚಿಸಿದ ಅಧಿಕಾರಿಯ ಲಿಖಿತ ಆದೇಶ ಬೇಕು.

ಕೊಡಗಿನ ವಿನಾಯಿತಿ

ಕೊಡವ ಜನಾಂಗದವರು ಮತ್ತು ಜಮ್ಮಾ ಹಿಡುವಳಿದಾರರಿಗೆ ಕಾಯಿದೆಯ 41ನೇ ವಿಧಿಯಡಿ ಪರವಾನಗಿಯಿಂದ ಷರತ್ತುಬದ್ಧ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಇದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು; 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಕೊಡವ ಭಾಷೆಯಲ್ಲಿ ಬಂದೂಕಿಗೆ ತೋಕ್ ಎನ್ನುತ್ತಾರೆ. ಕೈಲ್ ಪೊಳ್ದ್ ಹಬ್ಬದಂದು ಆಯುಧಗಳಿಗೆ ಪೂಜೆ ಸಲ್ಲಿಸಿ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆಗಳನ್ನು ನಡೆಸುತ್ತಾರೆ. ಗಂಡು ಮಗು ಹುಟ್ಟಿದಾಗ ಒಂದು, ಸಾವು ಸಂಭವಿಸಿದಾಗ ಎರಡು ಗುಂಡು ಹಾರಿಸುವ ರೂಢಿ ಇರುವುದರಿಂದ, ಇಲ್ಲಿ ಹಳೆಯ ಕೋವಿ ಮಾರಾಟದ ವಸ್ತುವಿಗಿಂತ ಹೆಚ್ಚಾಗಿ ಮನೆತನದ ಆಸ್ತಿಯಾಗಿ ಉಳಿದಿದೆ.