ಇಕ್ಕೇರಿ ವರಾಹ: ನಾಣ್ಯಭೇದಗಳನ್ನು ಗುರುತಿಸುವ ಕ್ರಮ

ಶಿಕಾರಿಪುರ ಮತ್ತು ಸೊರಬ ಸೀಮೆಗಳ ಇತಿಹಾಸವನ್ನು ನಾವು ಬಹುಮಟ್ಟಿಗೆ ಶಾಸನಗಳ ಆಧಾರದಿಂದಲೇ ತಿಳಿದುಕೊಂಡು ಬಂದಿದ್ದೇವೆ. ಇದಕ್ಕೆ ಕಾರಣವೂ ಉಂಟು. ಅಕ್ಕಮಹಾದೇವಿಯ ಜನ್ಮಸ್ಥಳವಾದ ಉಡುತಡಿಗೆ ಸಮೀಪದಲ್ಲಿರುವ ಬಳ್ಳಿಗಾವೆಯಲ್ಲಿ ಶಾಸನಗಳು ಹೇರಳವಾಗಿವೆ. ತಾಳಗುಂದದ ಸ್ತಂಭಶಾಸನವು ಕದಂಬರ ಇತಿಹಾಸಕ್ಕೆ ತಳಹದಿಯಾಗಿದೆ. ಬಿ. ಎಲ್. ರೈಸ್ ಅವರು 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟವನ್ನು ಪ್ರಕಟಿಸಿದಂದಿನಿಂದ ಈ ಸೀಮೆಯ ಕಲ್ಲುಗಳನ್ನು ವಿದ್ವಾಂಸರು ಮತ್ತೆ ಮತ್ತೆ ಓದಿದ್ದಾರೆ. ಆದರೆ ಆ ಕಲ್ಲುಗಳು ಹೆಸರಿಸುವ ಗದ್ಯಾಣ, ಪಣ, ಹಾಗಗಳ ಕಡೆಗೂ, ಅವುಗಳ ತರುವಾಯ ಬಂದ ವರಾಹಗಳ ಕಡೆಗೂ ಅಷ್ಟು ಗಮನ ಹರಿದಿಲ್ಲ. ನಾಣ್ಯವು ಶಾಸನದ ಮಾತಿಗೆ ಅಲಂಕಾರವಾಗಿ ಬರುತ್ತದೆಯೇ ಹೊರತು, ತಾನೇ ಸಾಕ್ಷಿಯಾಗಿ ನಿಲ್ಲುವುದು ಅಪರೂಪ.

ಈ ಮಾತಿಗೆ ಒಂದು ನಿದರ್ಶನವನ್ನು ಕೊಡಬಹುದು. ಉಡುತಡಿಯ ಸುತ್ತಿನ ಒಂದು ಗ್ರಾಮದಲ್ಲಿ, ದೀಪಾವಳಿಯ ಲಕ್ಷ್ಮೀಪೂಜೆಗೆಂದು ದೇವರ ಪೆಟ್ಟಿಗೆಯಿಂದ ಹೊರತೆಗೆದ ಮೂರು ಚಿನ್ನದ ನಾಣ್ಯಗಳನ್ನು ನಮಗೆ ತೋರಿಸಿದರು. ಮೂರೂ ಶಿವಪ್ಪನಾಯಕರ ಕಾಲದವು ಎಂದು ಮನೆಯ ಹಿರಿಯರು ಹೇಳಿದರು. ಮೂರರ ಮುಂಭಾಗದಲ್ಲಿಯೂ ಶಿವಪಾರ್ವತಿಯರು ಕುಳಿತಿದ್ದರು. ಗಾತ್ರವೂ ತೂಕವೂ ಹೆಚ್ಚು ಕಡಿಮೆ ಒಂದೇ. ಆದರೆ ಹಿಂಭಾಗವನ್ನು ತಿರುಗಿಸಿದಾಗ ಒಂದರಲ್ಲಿ ‘ಶ್ರೀ ಸದಾಶಿವ’ ಎಂಬ ನಾಗರಿ ಅಕ್ಷರಗಳೂ, ಇನ್ನೊಂದರಲ್ಲಿ ಚುಕ್ಕೆಗಳ ನಡುವೆ ಪಾರಸಿ ಲಿಪಿಯ ‘ಹೇ’ ಎಂಬ ಒಂದೇ ಅಕ್ಷರವೂ, ಮತ್ತೊಂದರಲ್ಲಿ ‘ಶ್ರೀ ಕೃಷ್ಣರಾಜ’ ಎಂಬ ನಾಗರಿ ಅಕ್ಷರಗಳೂ ಕಂಡುಬಂದವು. ಮೊದಲನೆಯದು ಕೆಳದಿಯದು, ಎರಡನೆಯದು ಹೈದರಾಲಿಯದು, ಮೂರನೆಯದು ಮುಮ್ಮಡಿ ಕೃಷ್ಣರಾಜ ಒಡೆಯರದು. ಮೂರು ಆಳ್ವಿಕೆಗಳು ಒಂದೇ ಅರಿಸಿನ ಕುಂಕುಮದ ತಟ್ಟೆಯಲ್ಲಿ ಒಬ್ಬನೇ ಅರಸನ ಹೆಸರಿನಿಂದ ಪೂಜೆಗೊಳ್ಳುತ್ತಿದ್ದವು.

ಆ ಹಿರಿಯರ ಮಾತನ್ನು ಕೇವಲ ಅಜ್ಞಾನವೆಂದು ತಳ್ಳಿಬಿಡುವುದು ಸರಿಯಲ್ಲ. ಇಕ್ಕೇರಿ ವರಾಹದ ಇತಿಹಾಸವೇ ಈ ಭ್ರಾಂತಿಗೆ ಎಡೆಗೊಟ್ಟಿದೆ. ಉಮಾಮಹೇಶ್ವರರ ಮುದ್ರೆಯನ್ನು ಕೆಳದಿಯವರು ಹೊಸದಾಗಿ ಕಲ್ಪಿಸಿದವರಲ್ಲ; ವಿಜಯನಗರದ ಇಮ್ಮಡಿ ಹರಿಹರ ಹಾಗೂ ದೇವರಾಯರ ವರಾಹಗಳಲ್ಲಿ ಅದು ಮೊದಲೇ ಬಳಕೆಯಲ್ಲಿತ್ತು. ಕೆಳದಿಯ ಅರಸರು ಅದನ್ನು ಉಳಿಸಿಕೊಂಡು ಹಿಂಭಾಗದಲ್ಲಿ ‘ಶ್ರೀ ಸದಾಶಿವ’ ಎಂದು ಬರೆಯಿಸಿದರು. 1763ರಲ್ಲಿ ಹೈದರನು ಬಿದನೂರನ್ನು ವಶಪಡಿಸಿಕೊಂಡು ಅದಕ್ಕೆ ಹೈದರನಗರವೆಂದು ಹೆಸರಿಟ್ಟಾಗ, ಹಿಂಭಾಗದಲ್ಲಿ ತನ್ನ ಹೆಸರಿನ ಮೊದಲಕ್ಷರವನ್ನು ಒತ್ತಿಸಿ, ಮುಂಭಾಗದ ದೇವತೆಗಳನ್ನು ಹಾಗೆಯೇ ಬಿಟ್ಟನು. ಇದೇ ಬಹದ್ದೂರಿ ಹೊನ್ನು. ಸಂತೆಯಲ್ಲಿ ಜನರ ನಂಬಿಕೆ ಗಳಿಸಿದ ಮುದ್ರೆಯನ್ನು ಅಳಿಸುವುದು ಹೊಸ ಅರಸನಿಗೆ ಲಾಭದ ಕೆಲಸವಲ್ಲ. 1801ರಲ್ಲಿ ಈ ಮಾರ್ಗವಾಗಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಅವರು ಇಲ್ಲಿಯ ಲೆಕ್ಕಗಳನ್ನು ಇಕ್ಕೇರಿ ವರಾಹಗಳಲ್ಲಿಯೇ ಬರೆದುಕೊಂಡಿದ್ದಾರೆ. ಕೆಳದಿ ರಾಜ್ಯವು ಅಳಿದು ಮೂವತ್ತೆಂಟು ವರ್ಷಗಳಾಗಿದ್ದರೂ ಅದರ ವರಾಹದ ಹೆಸರು ಅಳಿದಿರಲಿಲ್ಲ.

ಆದುದರಿಂದ ಮುಂಭಾಗದ ಮುದ್ರೆಯಿಂದ ಅರಸನನ್ನು ನಿರ್ಣಯಿಸಲಾಗದು ಎಂಬುದು ಮೊದಲನೆಯ ನಿಯಮ. ಹಿಂಭಾಗದ ಲೇಖದಿಂದ ನಿರ್ಣಯಿಸಬಹುದೇ ಎಂದರೆ, ಅಲ್ಲಿಯೂ ಎಚ್ಚರಿಕೆ ಬೇಕು. ‘ಶ್ರೀ ಸದಾಶಿವ’ ಎಂಬ ಲೇಖವನ್ನು ಹದಿನಾರನೆಯ ಶತಮಾನದ ಸದಾಶಿವನಾಯಕನಿಗೆ ಸಲ್ಲಿಸುವುದು ರೂಢಿ. ಆದರೆ ಆತನ ತರುವಾಯದ ನಾಯಕರೂ ಅದೇ ಲೇಖವನ್ನು ಮುಂದುವರಿಸಿದರು. ನಾಣ್ಯದ ಮೇಲೆ ಕಾಲಸೂಚನೆಯಿಲ್ಲ. ವಿಜಯನಗರದಲ್ಲಿಯೂ ಸದಾಶಿವರಾಯನೆಂಬ ಅರಸನಿದ್ದನು; ಆತನ ವರಾಹಗಳಲ್ಲಿ ಲಕ್ಷ್ಮೀನಾರಾಯಣರಿದ್ದು, ಲೇಖವು ‘ಶ್ರೀ ಪ್ರತಾಪ ಸದಾಶಿವರಾಯ’ ಎಂದಿರುವುದರಿಂದ ಅವನ್ನು ಬೇರ್ಪಡಿಸುವುದು ಸುಲಭ. ಕೆಳದಿಯ ನಾಣ್ಯಗಳನ್ನೇ ತಮ್ಮತಮ್ಮಲ್ಲಿ ಬೇರ್ಪಡಿಸುವುದು ಕಷ್ಟ. ಎರಡು ನೂರು ವರ್ಷಗಳಿಗೆ ಮೀರಿದ ಕಾಲದ ನಾಣ್ಯಗಳನ್ನು ಒಬ್ಬ ಅರಸನ ಲೆಕ್ಕಕ್ಕೆ ಬರೆದರೆ, ಶಿವಪ್ಪನಾಯಕನ ಕಾಲದ ಶಿಸ್ತಿನ ಕಂದಾಯವನ್ನೂ ಕರಾವಳಿಯ ಮೆಣಸು ಅಕ್ಕಿಗಳ ವ್ಯಾಪಾರವನ್ನೂ ಅಳೆಯಲು ನಮ್ಮ ಕೈಯಲ್ಲಿ ಅಳತೆಗೋಲೇ ಉಳಿಯುವುದಿಲ್ಲ.

ಹೀಗಿರುವಲ್ಲಿ ಉಳಿಯುವ ದಾರಿಯು ಅಚ್ಚುಗಳನ್ನು ಪರೀಕ್ಷಿಸುವುದು. ಈ ಕ್ರಮವು ಬಹಳ ವಿಸ್ತಾರವಾಗಿ ಬೆಳೆದಿರುವುದು ಅಮೆರಿಕ ಸಂಯುಕ್ತ ಸಂಸ್ಥಾನಗಳ ಆದಿಕಾಲದ ಬೆಳ್ಳಿಯ ನಾಣ್ಯಗಳ ಅಧ್ಯಯನದಲ್ಲಿ. ಫಿಲಡೆಲ್ಫಿಯದ ಟಂಕಸಾಲೆಯು 1792ರ ಕಾಯಿದೆಯಿಂದ ಹುಟ್ಟಿ, 1794ರಲ್ಲಿ ಬೆಳ್ಳಿಯ ಡಾಲರನ್ನೂ ಅರ್ಧ ಡಾಲರನ್ನೂ ಹೊರಡಿಸಿತು. ಅಲ್ಲಿ ಅಚ್ಚಿನ ಮೇಲೆ ಅಕ್ಷರ, ಅಂಕಿ, ನಕ್ಷತ್ರಗಳನ್ನು ಒಂದೊಂದಾಗಿ ಕೈಯಿಂದ ಹೊಡೆಯುತ್ತಿದ್ದುದರಿಂದ ಒಂದು ಅಚ್ಚು ಮತ್ತೊಂದರಂತೆ ಇರುತ್ತಿರಲಿಲ್ಲ. ಒಂದು ನಕ್ಷತ್ರವು ತುಸು ಓರೆಯಾಗಿರುವುದು, ಒಂದು ಅಂಕಿಯು ಮತ್ತೊಂದಕ್ಕೆ ತಾಗಿರುವುದು ಇಂಥ ಗುರುತುಗಳಿಂದ ಒಂದೇ ವರ್ಷದ ನಾಣ್ಯಗಳಲ್ಲಿ ಅನೇಕ ಭೇದಗಳನ್ನು ಸಂಗ್ರಾಹಕರು ಎಣಿಸಿದರು. ಹೇಸೆಲ್ಟೈನ್ ಅವರು 1881ರಲ್ಲಿ ಪ್ರಕಟಿಸಿದ ಪಟ್ಟಿಯನ್ನು ಬೈಸ್ಲ್ ಅವರು 1929ರಲ್ಲಿ ವಿಸ್ತರಿಸಿದರು. ಓವರ್ಟನ್ ಅವರು 1967ರಲ್ಲಿ 1794ರಿಂದ 1836ರವರೆಗಿನ ಅರ್ಧ ಡಾಲರುಗಳನ್ನು ವ್ಯವಸ್ಥಿತವಾಗಿ ವಿಂಗಡಿಸಿದರು. ಅಚ್ಚಿನಲ್ಲಿ ಬಿರುಕು ಬಿಟ್ಟರೆ ಅದು ನಾಣ್ಯದ ಮೇಲೆ ಉಬ್ಬುಗೆರೆಯಾಗಿ ಮೂಡುತ್ತದೆ. ಬಿರುಕು ಬೆಳೆದಂತೆ ಗೆರೆಯೂ ಬೆಳೆಯುವುದರಿಂದ ಯಾವುದು ಮೊದಲು, ಯಾವುದು ಅನಂತರ ಎಂಬುದೂ ತಿಳಿಯುತ್ತದೆ. ಹವ್ಯಾಸಿಗಳ ತಾಳ್ಮೆಯಿಂದ ಬೆಳೆದ ಈ ಕ್ರಮವು ಇತಿಹಾಸಕಾರರಿಗೂ ಉಪಕಾರಿಯಾಯಿತು.

ಫಿಲಡೆಲ್ಫಿಯದಲ್ಲಿ ಬೆಳ್ಳಿಯ ಕೆಲಸ ಮೊದಲಾದ ಕಾಲಕ್ಕೆ ಮೈಸೂರಿನಲ್ಲಿ ಟಿಪ್ಪು ಸುಲ್ತಾನನ ಬೆಳ್ಳಿಯೂ ಚಲಾವಣೆಯಲ್ಲಿತ್ತು. ಕೆಳದಿಯ ಹೆಸರಾಂತ ನಾಣ್ಯವು ಚಿನ್ನದ್ದು. ಮೈಸೂರು ಸೀಮೆಯಲ್ಲಿ ಬೆಳ್ಳಿಗೆ ವ್ಯವಸ್ಥಿತವಾದ ಸ್ಥಾನ ದೊರೆತುದು ಟಿಪ್ಪುವಿನಿಂದ. ಎರಡು ರೂಪಾಯಿಯ ಹೈದರಿ, ರೂಪಾಯಿಯ ಇಮಾಮಿ, ಅರ್ಧದ ಆಬಿದಿ, ಕಾಲಿನ ಬಾಕಿರಿ, ಅದಕ್ಕೂ ಕಿರಿದಾದ ಜಾಫರಿ, ಕಾಜಿಮಿ, ಖಿಜ್ರಿ ಎಂದು ಅವಕ್ಕೆ ಹೆಸರು. ಇವುಗಳ ಮೇಲೆ ಇಸವಿಯಿರುವುದರಿಂದ ಕೆಲಸ ಸುಲಭವೆಂದು ತೋರಬಹುದು. ಆದರೆ ಎಡವುವುದೂ ಅಲ್ಲಿಯೇ. ಮೊದಲು ಹಿಜರಿ ಶಕವನ್ನು ಬಳಸುತ್ತಿದ್ದ ಟಿಪ್ಪುವು 1787ರಲ್ಲಿ ಮೌಲೂದಿ ಶಕವನ್ನು ತಂದು, ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದನು. ಆ ವರ್ಷದ 1215 ಎಂಬುದನ್ನು ಸಾಮಾನ್ಯ ರೀತಿಯಲ್ಲಿ ಓದಿದರೆ 5121 ಎಂದಾಗುತ್ತದೆ. ಸರಿಯಾಗಿ ಓದಿದರೂ ಅದನ್ನು ಹಿಜರಿಯೆಂದು ಭಾವಿಸಿದರೆ 1800–01 ಎಂದು ಬರುತ್ತದೆ. ಟಿಪ್ಪುವು ಮಡಿದುದು 1799ರ ಮೇ 4ರಂದು! ಜಾರ್ಜ್ ಟೇಲರ್ ಅವರು 1914ರಲ್ಲಿ, ಹೆಂಡರ್ಸನ್ ಅವರು 1921ರಲ್ಲಿ ಪ್ರಕಟಿಸಿದ ಗ್ರಂಥಗಳು ಟಿಪ್ಪುವಿನ ನಾಣ್ಯಗಳ ಅಭ್ಯಾಸಕ್ಕೆ ಭದ್ರವಾದ ತಳಹದಿಯನ್ನು ಹಾಕಿದವು. ಬಿದನೂರಿನ ಟಂಕಸಾಲೆಯು ಆಗ ‘ನಗರ’ ಎಂಬ ಹೆಸರಿನಿಂದ ಚಿನ್ನದ ವರಾಹ ಹಣಗಳನ್ನು ಹೊರಡಿಸುತ್ತಿತ್ತು. ಟಿಪ್ಪುವು ತನ್ನ ವರಾಹದಿಂದ ಶಿವಪಾರ್ವತಿಯರನ್ನು ತೆಗೆದನಾದರೂ ತಂದೆಯ ‘ಹೇ’ ಅಕ್ಷರವನ್ನು ಉಳಿಸಿಕೊಂಡನು. 1799ರ ತರುವಾಯ ದೇವತೆಗಳು ಮತ್ತೆ ಬಂದರು. ಆ ಅಕ್ಷರದ ಸ್ಥಳದಲ್ಲಿ ಕೃಷ್ಣರಾಜರ ಹೆಸರು ಬಂದಿತು.

ಈ ಅಚ್ಚುಪರೀಕ್ಷೆಯನ್ನು ನಮ್ಮ ವರಾಹಗಳಿಗೆ ಅನ್ವಯಿಸುವಾಗ ಒಂದು ವ್ಯತ್ಯಾಸವನ್ನು ನೆನಪಿಡಬೇಕು. ನಮ್ಮಲ್ಲಿ ಬಿಲ್ಲೆಯು ಅನೇಕ ವೇಳೆ ಅಚ್ಚಿಗಿಂತ ಕಿರಿದು. ಆದುದರಿಂದ ಪ್ರತಿಯೊಂದು ನಾಣ್ಯದಲ್ಲಿಯೂ ಅಚ್ಚಿನ ಒಂದು ಭಾಗ ಮಾತ್ರ ಕಾಣುತ್ತದೆ. ಒಂದೇ ಅಚ್ಚಿನ ಹಲವು ನಾಣ್ಯಗಳ ಛಾಯಾಚಿತ್ರಗಳನ್ನು ಸಮಾನ ಪ್ರಮಾಣದಲ್ಲಿ ಹಿಗ್ಗಿಸಿ ಪಕ್ಕಪಕ್ಕದಲ್ಲಿ ಇಟ್ಟಾಗಲೇ ಅಚ್ಚಿನ ಪೂರ್ಣರೂಪವು ತಿಳಿಯುವುದು. ನೋಡಬೇಕಾದ ಗುರುತುಗಳು ಇವು: ಶಿವನ ಕೈಯ ತ್ರಿಶೂಲದ ಓರೆ, ದೇವತೆಗಳ ಕಿರೀಟಗಳ ಆಕಾರ, ‘ಶ್ರೀ’ ಅಕ್ಷರದ ತಿರುವು, ಸಾಲುಗಳ ನಡುವಣ ಅಂತರ, ಅಂಚಿನ ಚುಕ್ಕೆಗಳು. ತೂಕವನ್ನು ಮಿಲಿಗ್ರಾಮಿನವರೆಗೆ ಬರೆದುಕೊಳ್ಳಬೇಕು. ವರಾಹದ ತೂಕ ಸುಮಾರು 3.4 ಗ್ರಾಂ ಆದುದರಿಂದ ಸಣ್ಣ ಇಳಿಕೆಯೂ ಅರ್ಥವುಳ್ಳದ್ದು. ಚಿನ್ನದ ಗುಣವನ್ನು ಒರೆಗಲ್ಲಿಗೆ ಹಚ್ಚದೆ, ನೀರಿನಲ್ಲಿ ತೂಗಿ ಸಾಪೇಕ್ಷ ಸಾಂದ್ರತೆಯಿಂದ ಅಂದಾಜು ಮಾಡಬಹುದು. ಮುಂಭಾಗದ ಒಂದೇ ಅಚ್ಚು ಹಿಂಭಾಗದ ಎರಡು ಅಚ್ಚುಗಳೊಡನೆ ಕಂಡುಬಂದರೆ, ಆ ನಾಣ್ಯಗಳು ಒಂದೇ ಸರಪಳಿಗೆ ಸೇರುತ್ತವೆ.

ಇಷ್ಟಾದರೂ ಅಚ್ಚು ತಾನಾಗಿಯೇ ಅರಸನ ಹೆಸರನ್ನು ಹೇಳಲಾರದು. ಅದು ಕ್ರಮವನ್ನು ಕೊಡುತ್ತದೆ, ಕಾಲವನ್ನು ಕೊಡುವುದಿಲ್ಲ. ಕಾಲವನ್ನು ಕೊಡುವುದು ನಿಧಿ. ಕಾಲ ತಿಳಿದ ಬೇರೊಂದು ನಾಣ್ಯದೊಡನೆ ಒಂದೇ ಗಡಿಗೆಯಲ್ಲಿ ದೊರೆತ ವರಾಹವು ಮಾತನಾಡುತ್ತದೆ. ಗಡಿಗೆಯಿಂದ ಬೇರ್ಪಟ್ಟು ಅಂಗಡಿಗೆ ಹೋದ ವರಾಹವು ಮೂಕವಾಗುತ್ತದೆ. ನಮ್ಮ ಸೀಮೆಯಲ್ಲಿ ಆಗಿರುವ ನಷ್ಟವು ಇದೇ. ನಾಣ್ಯಗಳು ಕೊಂಡಿ ಬೆಸೆದು ಕಾಸಿನ ಸರವಾಗಿವೆ, ಹುಣಿಸೆಹಣ್ಣಿನಿಂದ ಉಜ್ಜಿ ಅಕ್ಷರ ಸವೆದಿವೆ, ಕಷ್ಟಕಾಲದಲ್ಲಿ ಮೂಸೆಯನ್ನೂ ಸೇರಿವೆ. ಕಷ್ಟದಲ್ಲಿ ಮಾರಿದವರನ್ನು ದೂಷಿಸುವ ಅಧಿಕಾರ ನಮಗಿಲ್ಲ. ಮಾರುವ ಮುನ್ನ ಒಂದು ಚಿತ್ರವನ್ನಾದರೂ ತೆಗೆದುಕೊಳ್ಳದೆ ಹೋದ ತಪ್ಪು ಅಧ್ಯಾಪಕರಾದ ನಮ್ಮದು.

ಈ ಕಾರಣದಿಂದ ಎರಡು ಸೂಚನೆಗಳನ್ನು ಮುಂದಿಡುತ್ತೇವೆ. ಮೊದಲನೆಯದಾಗಿ, ಪಟ್ಟಿಗಳಲ್ಲಿ ‘ಸದಾಶಿವನಾಯಕನ ವರಾಹ’ ಎಂದು ಬರೆಯುವುದನ್ನು ಬಿಟ್ಟು, ಬೇರೆ ಆಧಾರ ದೊರೆಯುವವರೆಗೆ ‘ಕೆಳದಿ, ಸದಾಶಿವ ಲೇಖದ ವರಾಹ’ ಎಂದು ಬರೆಯುವುದು ಯುಕ್ತ. ಎರಡನೆಯದಾಗಿ, ನಮ್ಮ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಲ್ಲಿರುವ ನಾಣ್ಯಗಳನ್ನು, ಒಡೆಯರ ಒಪ್ಪಿಗೆ ಪಡೆದು, ಅವರ ಮನೆಯಲ್ಲಿಯೇ ತೂಗಿ, ಎರಡು ಮಗ್ಗುಲುಗಳ ಚಿತ್ರ ತೆಗೆದು, ದೊರೆತ ಸ್ಥಳವನ್ನು ಬರೆದುಕೊಳ್ಳಬೇಕು. ಹೊಸದಾಗಿ ನೆಲದಲ್ಲಿ ದೊರೆತ ನಿಧಿಯನ್ನು ಕಾಯಿದೆಯಂತೆ ಸರ್ಕಾರಕ್ಕೆ ತಿಳಿಸಬೇಕಾದುದನ್ನೂ ಜನರಿಗೆ ವಿವರಿಸಬೇಕು.

ಆ ಮನೆಯ ಹಿರಿಯರಿಗೆ ಮೂರು ನಾಣ್ಯಗಳ ಕಥೆಯನ್ನು ನಾವು ತಿಳಿಸಿದೆವು. ಅವರು ಸ್ವಲ್ಪ ಹೊತ್ತು ಯೋಚಿಸಿ, ಮೂರನ್ನೂ ಮತ್ತೆ ಅದೇ ತಟ್ಟೆಯಲ್ಲಿಟ್ಟರು. ಆದರೆ ಈ ಸಲ ಹಿಂಭಾಗವು ಮೇಲಾಗುವಂತೆ ಇಟ್ಟು, ಮೊಮ್ಮಗನನ್ನು ಕರೆದು ಅಕ್ಷರಗಳನ್ನು ತೋರಿಸಿದರು.